ಕೌರಿಸ್ಮಾಕಿ ಚಿತ್ರಗಳಲ್ಲಿನ ದುಡಿಮೆಯನ್ನೂ ಗಮನಿಸಬೇಕು

ಮಾನ್ಯ ಸಂಪಾದಕರೆ,

ಫಿನ್ಲೆಂಡಿನ ನಿರ್ದೇಶಕ ಅಕಿ ಕೌರಿಸ್ಮಾಕಿ ಅವರ ಚಿತ್ರಗಳ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಪಾತ್ರಗಳ ಅಲುಗದ ಮುಖ, ಚುಟುಕು ಮಾತು ಮತ್ತು ಅದರಿಂದ ಹುಟ್ಟುವ ನಗುವಿನ ವರ್ಣನೆಯಲ್ಲೇ ನಿಂತುಬಿಡುತ್ತಾರೆ. ಆ ಜನ ಏನು ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಾರೆ ಎಂಬುದನ್ನು ಬದಿಗಿಟ್ಟರೆ ಅವರ ಪ್ರೀತಿಯೂ ನಮಗೆ ಅರ್ಧ ಮಾತ್ರ ಕಾಣುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

1986ರ 'ಶ್ಯಾಡೋಸ್ ಇನ್ ಪ್ಯಾರಡೈಸ್' ಚಿತ್ರದ ನಾಯಕ ಕಸದ ಲಾರಿಯಲ್ಲಿ ದುಡಿಯುವವನು, ನಾಯಕಿ ಸೂಪರ್‌ಮಾರ್ಕೆಟ್ಟಿನ ಕ್ಯಾಷಿಯರ್. ತೊಂಬತ್ತರ ದಶಕದ ಆರಂಭದಲ್ಲಿ ಫಿನ್ಲೆಂಡನ್ನು ಕಂಗೆಡಿಸಿದ ಆರ್ಥಿಕ ಕುಸಿತದ ಬೆನ್ನಿಗೆ, 1996ರಲ್ಲಿ ಬಂದ 'ಡ್ರಿಫ್ಟಿಂಗ್ ಕ್ಲೌಡ್ಸ್'ನಲ್ಲಿ ಟ್ರಾಮ್ ಚಾಲಕರಲ್ಲಿ ಯಾರು ಕೆಲಸ ಕಳೆದುಕೊಂಡು ಮನೆಗೆ ಹೋಗಬೇಕೆಂಬುದು ಇಸ್ಪೀಟು ಎಲೆ ಎತ್ತಿಸಿ ತೀರ್ಮಾನವಾಗುತ್ತದೆ. ಅಲ್ಲಿ ಯಾರೂ ಕೂಗಾಡುವುದಿಲ್ಲ. ಕೂಗಾಡಿ ಪ್ರಯೋಜನವಿಲ್ಲವೆಂದು ಬಲ್ಲವರ ಮೌನ ಅದು. ಅದನ್ನು ಬರೀ ಶೈಲಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

2023ರಲ್ಲಿ ಕಾನ್ ಚಿತ್ರೋತ್ಸವದ ಜ್ಯೂರಿ ಪ್ರಶಸ್ತಿ ಪಡೆದ 'ಫಾಲನ್ ಲೀವ್ಸ್' ಇದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ಅವಧಿ ಮೀರಿದ ಆಹಾರವನ್ನು ಕಸಕ್ಕೆ ಎಸೆಯದೆ ತನ್ನ ಚೀಲದಲ್ಲಿಟ್ಟುಕೊಂಡ ಕಾರಣಕ್ಕೆ ಹೆಲ್ಸಿಂಕಿಯಲ್ಲಿರುವ ನಾಯಕಿ ಅನ್ಸಾ ತನ್ನ ಸೂಪರ್‌ಮಾರ್ಕೆಟ್ಟಿನ ಕೆಲಸ ಕಳೆದುಕೊಳ್ಳುತ್ತಾಳೆ. ಕುಡಿತಕ್ಕೆ ಬಿದ್ದ ನಾಯಕ ಹೊಲಪ್ಪಾನಿಗೂ ಯಾವ ಕೆಲಸವೂ ನಿಲ್ಲುವುದಿಲ್ಲ. ಅವನನ್ನು ಊಟಕ್ಕೆ ಕರೆದ ಅನ್ಸಾ ಅಂಗಡಿಗೆ ಹೋಗಿ ಇನ್ನೊಂದು ತಟ್ಟೆ, ಚಮಚ, ಫೋರ್ಕು ಕೊಂಡು ತರುತ್ತಾಳೆ, ಏಕೆಂದರೆ ಅವಳ ಮನೆಯಲ್ಲಿ ಇದುವರೆಗೆ ಇದ್ದದ್ದು ಒಬ್ಬರಿಗೆ ಸಾಲುವಷ್ಟು ಮಾತ್ರ. ಕುಡಿತದ ಮಾತಿಗೆ ಮನಸ್ತಾಪವಾಗಿ ಅವನು ಎದ್ದು ಹೋದ ಮೇಲೆ ಆ ಹೊಸ ತಟ್ಟೆ ಕಸದ ಬುಟ್ಟಿ ಸೇರುತ್ತದೆ. ಮೊದಲ ಸಲ ನೋಡಿದಾಗ ನಾನು ಈ ತಟ್ಟೆಯನ್ನು ಅಷ್ಟಾಗಿ ಗಮನಿಸಿರಲಿಲ್ಲ. ಎರಡನೆಯ ಸಲ, ಪೈಸೆ ಪೈಸೆಗೂ ಲೆಕ್ಕವಿರುವ ಹೆಣ್ಣೊಬ್ಬಳು ಹೊಸ ಸಾಮಾನನ್ನು ಎಸೆಯಬೇಕಾದರೆ ಅವಳಿಗೆ ಎಷ್ಟು ನೋವಾಗಿರಬೇಕು ಎಂದು ಹೊಳೆದು ಗಂಟಲು ಕಟ್ಟಿತು. ಅವಳ ಸಂಬಳದ ಸ್ಥಿತಿ ಗೊತ್ತಿಲ್ಲದ ಪ್ರೇಕ್ಷಕನಿಗೆ ಅದು ಬರೀ ಮುನಿಸಾಗಿ ಕಂಡೀತು.

ಅವಳ ರೇಡಿಯೊದಲ್ಲಿ ಆಗಾಗ ಉಕ್ರೇನ್ ಯುದ್ಧದ ಸುದ್ದಿ ಬರುತ್ತಿರುತ್ತದೆ. ಸುಮಾರು 80 ನಿಮಿಷಗಳ ಪುಟ್ಟ ಚಿತ್ರವೊಂದು ಇಷ್ಟನ್ನೆಲ್ಲ ಒಳಗೊಂಡಿರುವಾಗ ಅದನ್ನು 'ವಿಚಿತ್ರ ಹಾಸ್ಯದ ಪ್ರೇಮಕಥೆ' ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಮುಂದೆ ಇಂತಹ ಚಿತ್ರಗಳ ವಿಮರ್ಶೆ ಪ್ರಕಟಿಸುವಾಗ ಆ ಕಸದ ಲಾರಿಗೂ ಟ್ರಾಮಿಗೂ ಕ್ಯಾಷ್ ಕೌಂಟರಿಗೂ ಕೆಲವು ಸಾಲುಗಳ ಜಾಗ ಸಿಗುವಂತೆ ನೋಡಿಕೊಳ್ಳಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ