ಮೂರು ವರ್ಷದ ನೆರವು, ಇಪ್ಪತ್ತೆರಡು ವರ್ಷದ ನೌಕರಿ

ಮಾನ್ಯ ಸಂಪಾದಕರೇ,

ಸಣ್ಣ ಊರುಗಳ ವಿಮಾನಗಳು ಮೇಲಿಂದ ಮೇಲೆ ರದ್ದಾಗಲು ಪೈಲಟ್‌ಗಳ ಹಣದಾಸೆಯೇ ಕಾರಣ, ಸರ್ಕಾರ ಎಷ್ಟು ನಿಲ್ದಾಣ ಕಟ್ಟಿದರೂ ಅವರು ದೊಡ್ಡ ಕಂಪನಿಗೆ ಓಡಿಹೋಗುತ್ತಾರೆ ಎಂದು ಬಳ್ಳಾರಿಯ ಓದುಗರೊಬ್ಬರು ಕಳೆದ ವಾರ ಇದೇ ಪುಟದಲ್ಲಿ ಬರೆದಿದ್ದರು. ಅದನ್ನು ಓದಿದ ದಿನ ನನ್ನ ಮೇಜಿನ ಮೇಲೆ ದೊಡ್ಡ ಕಂಪನಿಯೊಂದರ ನೇಮಕಾತಿ ಪತ್ರ ಇತ್ತು. ಇಪ್ಪತ್ತು ದಿನಗಳಿಂದ ಅಲ್ಲಿಯೇ ಇದೆ. ಆದ್ದರಿಂದ ಈ ಉತ್ತರ.

ಮೊದಲಿಗೆ, ಓಡಿಹೋಗಲು ಪೈಲಟ್‌ಗೆ ಸಾಧ್ಯವೇ ಇಲ್ಲ. 2017ರಲ್ಲಿ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಹೊರಡಿಸಿದ ನಿಯಮದ ಪ್ರಕಾರ ನೌಕರಿ ಬಿಡುವ ಕ್ಯಾಪ್ಟನ್ ಒಂದು ವರ್ಷ ಮುಂಚಿತವಾಗಿ ನೋಟಿಸ್ ಕೊಡಬೇಕು, ಸಹ ಪೈಲಟ್ ಆರು ತಿಂಗಳು. ಬದಲಿ ಪೈಲಟ್ ತಯಾರಾಗಲು ಅಷ್ಟು ಕಾಲ ಬೇಕು ಎಂಬುದೇ ಅದರ ಉದ್ದೇಶ. ಒಂದು ವರ್ಷ ಮೊದಲೇ ಹೇಳಿ, ಆ ವರ್ಷವೆಲ್ಲ ಕೊಟ್ಟ ಕೆಲಸ ಮಾಡಿ ಹೋಗುವವನನ್ನು ಓಡಿಹೋದ ಎನ್ನುವುದು ನ್ಯಾಯವಲ್ಲ.

ನಾನು ಮಾನ್ವಿ ತಾಲ್ಲೂಕಿನವನು, ವಯಸ್ಸು 43. ನಮ್ಮ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. 2005ರಲ್ಲಿ ಅಪ್ಪ ಅದರಲ್ಲಿ ನಾಲ್ಕು ಎಕರೆ ಮಾರಿ ನನ್ನನ್ನು ತರಬೇತಿಗೆ ಕಳುಹಿಸಿದರು. ಇನ್ನೂರು ಗಂಟೆ ಹಾರಾಟ ಮುಗಿಸಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಹಿಡಿದುಕೊಂಡು ಊರಿಗೆ ಬಂದೆ. ಆಮೇಲೆ ಮೂರು ವರ್ಷ ಕೆಲಸವಿರಲಿಲ್ಲ. ಸಿಂಧನೂರಿನಲ್ಲಿ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಕುಳಿತೆ. ಮಗನಿಗಾಗಿ ಹೊಲ ಮಾರಲು ಯೋಚಿಸುತ್ತಿರುವ ನಮ್ಮ ಭಾಗದ ತಂದೆ ತಾಯಿಯರು ಇದನ್ನು ತಿಳಿದಿರಬೇಕು: ಲೈಸೆನ್ಸ್ ಬಂದರೆ ನೌಕರಿ ಬಂದಂತಲ್ಲ. ಓಡಿಸುವ ಪ್ರತಿಯೊಂದು ಬಗೆಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಬೇರೆ ತರಬೇತಿ ಇದೆ, ಅದಕ್ಕೆ ಮತ್ತೆ ಲಕ್ಷಗಟ್ಟಲೆ ಖರ್ಚು ಇದೆ.

ಕೊನೆಗೆ ಕೆಲಸ ಸಿಕ್ಕಿತು. ಈಗ ಒಂಬತ್ತು ವರ್ಷಗಳಿಂದ ಎಟಿಆರ್ 72 ವಿಮಾನದ ಕ್ಯಾಪ್ಟನ್. ಎರಡು ಪ್ರೊಪೆಲ್ಲರ್‌ಗಳ, ಸುಮಾರು ಎಪ್ಪತ್ತು ಸೀಟಿನ ವಿಮಾನ ಅದು. ಹೈದರಾಬಾದಿನಿಂದ ಬಳ್ಳಾರಿ ಬಳಿಯ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಅದನ್ನು ಎಷ್ಟೋ ಸಲ ತಂದಿಳಿಸಿದ್ದೇನೆ. ಉಕ್ಕಿನ ಕಾರ್ಖಾನೆಯ ಎಂಜಿನಿಯರ್‌ಗಳು, ಹಂಪಿ ನೋಡಲು ಬಂದವರು, ಹೈದರಾಬಾದಿನ ಆಸ್ಪತ್ರೆಗೆ ಹೊರಟ ವಯಸ್ಸಾದವರು ಅದರಲ್ಲಿ ಕುಳಿತಿರುತ್ತಾರೆ. ಕ್ಯಾಪ್ಟನ್ ಕುಳಿತುಕೊಳ್ಳುವುದು ಎಡಗಡೆಯ ಆಸನದಲ್ಲಿ. ಹೈದರಾಬಾದಿಗೆ ಹಿಂದಿರುಗುವಾಗ, ಮೋಡವಿಲ್ಲದ ದಿನ, ಎಡಗಡೆಯ ಕಿಟಕಿಯಲ್ಲಿ ಸಿಂಧನೂರು, ಮಾನ್ವಿ ಕಡೆಯ ನೆಲ ಕಾಣುತ್ತದೆ. ಗಂಗಾವತಿಯ ದಿಕ್ಕಿನಲ್ಲಿ ದಟ್ಟವಾಗಿರುವ ಭತ್ತದ ಹಸಿರು ನಮ್ಮೂರ ಕಡೆಗೆ ಬರುತ್ತಾ ಬರುತ್ತಾ ತೆಳುವಾಗುತ್ತದೆ.

ಈಗ ಬಂದಿರುವ ಪತ್ರ ನನ್ನನ್ನು ಬಲಗಡೆಯ ಆಸನಕ್ಕೆ ಕರೆಯುತ್ತಿದೆ. ಭುಜದ ಮೇಲಿನ ನಾಲ್ಕು ಪಟ್ಟಿ ಮೂರಾಗುತ್ತದೆ. ನಾನು ಓಡಿಸಿರುವುದು ಎಟಿಆರ್, ಅವರಲ್ಲಿರುವುದು ಏರ್‌ಬಸ್ ಎ320. ಹೊಸದಾಗಿ ಟೈಪ್ ರೇಟಿಂಗ್ ಮಾಡಿಸುತ್ತಾರೆ, ಅದಕ್ಕೆ ಬಾಂಡ್ ಬರೆಸಿಕೊಳ್ಳುತ್ತಾರೆ, ಸಹ ಪೈಲಟ್ ಆಗಿ ಕೂರಿಸುತ್ತಾರೆ. ಮೊದಲೆರಡು ವರ್ಷ ನನಗೆ ಬರುವ ಸಂಬಳ ಈಗಿನದಕ್ಕಿಂತ ಕಡಿಮೆ. ಹಣದಾಸೆ ಎಂದು ಬರೆದವರು ಇದನ್ನು ದಯವಿಟ್ಟು ಗಮನಿಸಬೇಕು. ಸಂಬಳ ಮುಂದೆ ಏರುತ್ತದೆ, ನಿಜ. ಆದರೆ ಇಪ್ಪತ್ತು ದಿನಗಳಿಂದ ನನ್ನ ನಿದ್ದೆ ಕೆಡಿಸಿರುವುದು ಸಂಬಳವಲ್ಲ, ಸೇವಾ ಹಿರಿತನ.

ವಿಮಾನ ಕಂಪನಿಯಲ್ಲಿ ಸೇವಾ ಹಿರಿತನದ ಪಟ್ಟಿ ಎಂದರೇನು ಎಂದು ಅಪ್ಪನಿಗೆ ವಿವರಿಸಲು ಕುಳಿತಾಗ ನನಗೆ ಬಹಳ ಮಾತು ಬೇಕಾಗಲಿಲ್ಲ. ಸೇರಿದ ದಿನಾಂಕದಂತೆ ಹೆಸರುಗಳು ಸಾಲಾಗಿ ನಿಲ್ಲುತ್ತವೆ. ಯಾರು ಮೊದಲು ಕ್ಯಾಪ್ಟನ್ ಆಗುತ್ತಾರೆ, ಯಾರಿಗೆ ಯಾವ ಊರು, ಯಾರಿಗೆ ಹಬ್ಬದ ರಜೆ, ಯಾರಿಗೆ ದೊಡ್ಡ ವಿಮಾನ, ಎಲ್ಲವೂ ಆ ಸಾಲಿನ ಮೇಲಿಂದ ಹರಿದು ಬರುತ್ತದೆ. ಬೇರೆ ಕಡೆ ಹದಿನೈದು ವರ್ಷ ಹಾರಿ ಬಂದವನಿಗೂ ಜಾಗ ಸಾಲಿನ ಕೊನೆಯಲ್ಲಿಯೇ. ಅಪ್ಪ ಕೇಳಿಸಿಕೊಂಡು, 'ತಮ್ಮಾ, ನೀನು ಹೇಳುತ್ತಿರುವುದು ನಮ್ಮ ಕಾಲುವೆ' ಎಂದರು. ಮೇಲ್ಭಾಗದವರ ಗದ್ದೆ ತುಂಬಿದ ಮೇಲೆ ಉಳಿದ ನೀರು ಕೆಳಗಿನವರಿಗೆ. ಕಾಲುವೆಯಲ್ಲಿ ಗೇಜ್ (ನೀರಿನ ಮಟ್ಟ) ನಿಲ್ಲದ ವರ್ಷ ನೀರಿಗಾಗಿ ರಾತ್ರಿಯೆಲ್ಲ ಕಾಲುವೆ ಏರಿಯ ಮೇಲೆ ಬ್ಯಾಟರಿ ಹಿಡಿದು ನಿಂತವರು ಅವರು. ಕೊನೆಯಲ್ಲಿ ಇರುವುದೆಂದರೆ ಏನು ಎಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅವರು ಆಮೇಲೆ ಕೇಳಿದ ಪ್ರಶ್ನೆ ಒಂದೇ: 'ನೀನು ಆರು ತಿಂಗಳು ತಡಮಾಡಿದರೆ ನಿನ್ನ ಮುಂದೆ ಇನ್ನೂ ಎಷ್ಟು ಜನ ನಿಲ್ಲುತ್ತಾರೆ?' ಲೆಕ್ಕದ ಗಂಟು ಇರುವುದು ಅಲ್ಲಿಯೇ. ಪೈಲಟ್ 65 ವರ್ಷದವರೆಗೆ ಹಾರಬಹುದು, ನನಗೆ ಉಳಿದಿರುವುದು ಇಪ್ಪತ್ತೆರಡು ವರ್ಷ. ಒಂದು ವರ್ಷ ನೋಟಿಸ್‌ಗೆ ಹೋಗುತ್ತದೆ. ಹಿರಿತನ ಲೆಕ್ಕವಾಗುವುದು ಸಹಿ ಹಾಕಿದ ದಿನದಿಂದ ಅಲ್ಲ, ಸೇರಿದ ದಿನದಿಂದ. ಆ ದೊಡ್ಡ ಕಂಪನಿಯವರು ಪ್ರತಿ ತಿಂಗಳೂ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆ. ಅವರಲ್ಲಿ ಇಪ್ಪತ್ಮೂರು, ಇಪ್ಪತ್ನಾಲ್ಕು ವಯಸ್ಸಿನ ಹುಡುಗರೇ ಹೆಚ್ಚು. ಅವರೆಲ್ಲ ನಾನು ನಿವೃತ್ತನಾಗುವವರೆಗೂ ನನ್ನ ಮುಂದೆಯೇ ಇರುತ್ತಾರೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಇದೇ ಪತ್ರ ಬಂದಿದ್ದರೆ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಬಿಟ್ಟುಕೊಡಬೇಕಾದದ್ದು ಪಟ್ಟಿ ಒಂದೇ ಅಲ್ಲ. ಹೈದರಾಬಾದಿನಲ್ಲಿ ಮನೆ ಇರುವುದರಿಂದ ಎರಡು ವಾರಕ್ಕೊಮ್ಮೆಯಾದರೂ ರಾಯಚೂರಿನವರೆಗೆ ರೈಲಿನಲ್ಲಿ ಬಂದು ಊರು ಸೇರುತ್ತೇನೆ. ಅವ್ವನ ಮೊಣಕಾಲು ಮೊದಲಿನಂತಿಲ್ಲ. ಮಗಳು ಒಂಬತ್ತನೆಯ ತರಗತಿ, ಬರುವ ವರ್ಷ ಹತ್ತು. ಹೊಸ ಕಂಪನಿಯವರು ಮೊದಲು ಕೊಡುವ ಊರು ದೆಹಲಿ. ಅಲ್ಲಿಗೆ ಆರು ವರ್ಷದ ಹಿಂದೆ ಹೋದ ಗೆಳೆಯನೊಬ್ಬ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಒಮ್ಮೆಯೂ ಊರಿಗೆ ಬಂದಿಲ್ಲ. ರಾತ್ರಿ ಹಾರಾಟವೂ ಅಲ್ಲಿ ಹೆಚ್ಚು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದ ನಿಯಮ 2025ರ ಜುಲೈನಲ್ಲಿ ಜಾರಿಗೆ ಬಂತು, ರಾತ್ರಿ ಇಳಿಯುವಿಕೆಗೆ ಮಿತಿ ಹಾಕುವ ನಿಯಮ ನವೆಂಬರಿನಲ್ಲಿ ಬಂತು. ಆ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಆ ವರ್ಷದ ಡಿಸೆಂಬರಿನಲ್ಲಿ ದೇಶದಾದ್ಯಂತ ಸಾವಿರಾರು ವಿಮಾನಗಳು ರದ್ದಾದದ್ದನ್ನು ಓದುಗರು ಮರೆತಿರಲಿಕ್ಕಿಲ್ಲ. ದಣಿದ ಪೈಲಟ್ ಅಪಾಯಕಾರಿ, ಆ ನಿಯಮ ಬೇಕೇ ಬೇಕು.

ದೊಡ್ಡ ಕಂಪನಿ ಎಂದರೆ ಭದ್ರತೆ ಎಂದು ಬಂಧುಗಳು ಹೇಳುತ್ತಾರೆ. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. 1993ರಿಂದ ಹಾರುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ಸಣ್ಣವರ ಗತಿಯನ್ನೂ ಕಂಡಿದ್ದೇನೆ. ನಾನು ಸಹ ಪೈಲಟ್ ಆಗಿದ್ದ ಒಂದು ಕಂಪನಿಯಲ್ಲಿ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಆಗ ಹೆಂಡತಿಯ ಬಳೆ ಮಾನ್ವಿಯ ಬ್ಯಾಂಕಿನಲ್ಲಿ ಅಡವಿಟ್ಟೆವು. ಮುಳುಗುವ ಭಯ ಎರಡೂ ಕಡೆ ಇದೆ, ನಮ್ಮ ಮಾರ್ಗಗಳಲ್ಲಿ ಆ ಭಯಕ್ಕೆ ವಾಯಿದೆಯೂ ಇದೆ.

ಬಳ್ಳಾರಿಯ ಓದುಗರು ಸಿಟ್ಟು ಮಾಡಬೇಕಾದದ್ದು ಈ ವಾಯಿದೆಯ ಮೇಲೆ. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಡಿ ಒಂದು ಮಾರ್ಗಕ್ಕೆ ಸಿಗುವ ನಷ್ಟಭರ್ತಿ ನೆರವಿನ ಅವಧಿ ಮೂರು ವರ್ಷ. ಆಮೇಲೆ ಆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು, ಇಲ್ಲವೇ ನಿಂತುಹೋಗಬೇಕು. 2017ರಲ್ಲಿ ಉಡಾನ್ ಅಡಿ ವಿದ್ಯಾನಗರಕ್ಕೆ ವಿಮಾನ ತಂದ ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಮೂರು ವರ್ಷದ ಮಾರ್ಗವನ್ನು ನಂಬಿ ಇಪ್ಪತ್ತೆರಡು ವರ್ಷದ ನೌಕರಿಯನ್ನು ಹೇಗೆ ಹೂಡುವುದು? ರಾಯಚೂರಿನ ಯರಮರಸ್ ಬಳಿ ವಿಮಾನ ನಿಲ್ದಾಣ ಆಗಬೇಕು ಎಂದು ನಮ್ಮ ಜನ ಎಷ್ಟೋ ವರ್ಷ ಕೇಳಿದ್ದಾರೆ, ನಾನೂ ಕೇಳಿದ್ದೇನೆ. ಆದರೆ ಅದರ ಬಗ್ಗೆ ನಮ್ಮ ಜನಪ್ರತಿನಿಧಿಗಳು ಆಡುವ ಮಾತೆಲ್ಲ ರನ್‌ವೇ ಉದ್ದ, ಎಕರೆ, ಕೋಟಿ. ಅಲ್ಲಿಂದ ಹಾರುವ ವಿಮಾನವನ್ನು ನಾಲ್ಕನೆಯ ವರ್ಷ ಯಾರು ನಡೆಸುತ್ತಾರೆ, ಅದರ ಪೈಲಟ್ ಮತ್ತು ಎಂಜಿನಿಯರ್ ಯಾವ ಊರಲ್ಲಿ ಮನೆ ಮಾಡುತ್ತಾರೆ ಎಂಬ ಮಾತನ್ನು ಒಬ್ಬರ ಬಾಯಲ್ಲಿಯೂ ಕೇಳಿಲ್ಲ. ಈ ಭಾಗದ ಮಾರ್ಗಗಳಿಗಾದರೂ ರಾಜ್ಯ ಸರ್ಕಾರ ಹತ್ತು ವರ್ಷದ ಒಪ್ಪಂದ ಮಾಡಿಕೊಳ್ಳಲಿ, ರಾತ್ರಿ ವಿಮಾನ ಇಲ್ಲಿಯೇ ತಂಗುವ ವ್ಯವಸ್ಥೆಯನ್ನು ಷರತ್ತಾಗಿ ಇಡಲಿ. ಬೆಳಗಿನ ಮೊದಲ ವಿಮಾನ ರಾಯಚೂರಿನಿಂದಲೇ ಹೊರಡುವಂತಾದರೆ ಅದನ್ನು ಓಡಿಸಲು ಊರಿಗೆ ಮರಳುವ ಪೈಲಟ್‌ಗಳು ನನಗೆ ಗೊತ್ತಿರುವವರಲ್ಲಿಯೇ ಇದ್ದಾರೆ.

ನಾನು ಸೋಮವಾರ ಒಪ್ಪಿಗೆ ಪತ್ರ ಕಳುಹಿಸುತ್ತಿದ್ದೇನೆ. ಈ ನಿರ್ಧಾರದಲ್ಲಿ ನನಗೆ ಸಂತೋಷ ಇಲ್ಲ, ನಾಚಿಕೆಯೂ ಇಲ್ಲ. ಮಗಳ ಹತ್ತನೆಯ ತರಗತಿ ಮುಗಿಯುವವರೆಗೆ ಹೆಂಡತಿ, ಮಗಳು ಹೈದರಾಬಾದಿನಲ್ಲಿಯೇ ಇರುತ್ತಾರೆ. ನೋಟಿಸ್‌ನ ಒಂದು ವರ್ಷ ವಿದ್ಯಾನಗರದ ಹಾರಾಟಗಳನ್ನು ನನಗೇ ಹೆಚ್ಚಾಗಿ ಕೊಡಿ ಎಂದು ನಮ್ಮ ರೋಸ್ಟರ್ ವಿಭಾಗದವರಲ್ಲಿ ಕೇಳಿಕೊಂಡಿದ್ದೇನೆ. ಪತ್ರ ಬರೆದ ಬಳ್ಳಾರಿಯ ಓದುಗರು ಆ ಅವಧಿಯಲ್ಲಿ ಪ್ರಯಾಣ ಮಾಡಿದರೆ, ಇಳಿಯುವಾಗ ಕಾಕ್‌ಪಿಟ್ ಬಾಗಿಲ ಬಳಿ ಒಂದು ನಿಮಿಷ ನಿಂತು ಮಾತನಾಡಿಸಲಿ.

ಇತಿ ತಮ್ಮ ವಿಶ್ವಾಸಿ,
ಮಾನ್ವಿ ತಾಲ್ಲೂಕಿನ ಒಬ್ಬ ಪೈಲಟ್
(ನೌಕರಿಯ ಕಾರಣಕ್ಕೆ ಹೆಸರು ಪ್ರಕಟಿಸಬಾರದಾಗಿ ವಿನಂತಿ)