ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಸಾಗರ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಪತ್ರದ ಉಳಿದ ವಿಷಯಗಳಿಗೆ ನಿನ್ನ ಅಮ್ಮ ಉತ್ತರಿಸುತ್ತಾಳೆ. ರಾತ್ರಿ ಎರಡರವರೆಗೆ ಇನ್‌ಸ್ಟಾಗ್ರಾಮ್‌ನಲ್ಲಿ ಎಲ್ಲರ ಸಂಭ್ರಮ ನೋಡುತ್ತಾ ಕುಳಿತಾಗ ‘ನಾನು ಇಲ್ಲವಾದರೂ ಯಾರಿಗೂ ಗೊತ್ತಾಗುವುದಿಲ್ಲ’ ಎನ್ನಿಸುತ್ತದೆಂದು ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನನಗೆ ನಿದ್ದೆಯಿಲ್ಲ. ಫೋನಿನಲ್ಲಿ ಕೇಳಿದರೆ ‘ಏನಿಲ್ಲ ಮಾವ’ ಎಂದೆ. ಅದು ಬರಿಯ ಬೇಸರದ ಮಾತೋ, ಸಾಯುವ ಯೋಚನೆಯೇ ಬಂದಿದೆಯೋ? ನೇರವಾಗಿ ಕೇಳುತ್ತಿದ್ದೇನೆ, ಮುಚ್ಚಿಡಬೇಡ.

ಅದೇ ವಾರ ನೀನು ಹಾಕಿದ್ದ ಸಕಲೇಶಪುರದ ಫೋಟೋ ನೋಡಿ, ಹುಡುಗಿ ಸುಖವಾಗಿದ್ದಾಳೆಂದುಕೊಂಡು ಫೋನ್ ಮಾಡುವುದನ್ನು ಮುಂದಕ್ಕೆ ಹಾಕಿದ್ದೆ. ಫೋಟೋ ನೋಡಿದ್ದನ್ನೇ ನಿನ್ನನ್ನು ನೋಡಿದಂತೆ ಎಂದುಕೊಂಡದ್ದು ನನ್ನ ತಪ್ಪು. ನೀನು ರಾತ್ರಿ ನೋಡುವುದೂ ಅಂಥವನ್ನೇ ಅಲ್ಲವೇ?

ನಿನ್ನ ಅತ್ತೆ ತೀರಿಕೊಂಡಾಗ ಅವಳ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕಿ, ಯಾರು ಯಾರು ಲೈಕ್ ಒತ್ತಿದ್ದಾರೆಂದು ಗಂಟೆಗೊಮ್ಮೆ ನೋಡುತ್ತಿದ್ದೆ. ಬಾಲ್ಯದ ಗೆಳೆಯನ ಹೆಸರು ಅಲ್ಲಿ ಕಾಣಲಿಲ್ಲವೆಂದು ಒಂದು ವರ್ಷ ಅವನೊಡನೆ ಮಾತು ಬಿಟ್ಟೆ. ಚಟ್ಟಕ್ಕೆ ಹೆಗಲು ಕೊಟ್ಟವನು, ವೈಕುಂಠ ಸಮಾರಾಧನೆಯವರೆಗೆ ದಿನವೂ ಬಂದು ಜಗುಲಿಯಲ್ಲಿ ಸುಮ್ಮನೆ ಕುಳಿತು ಹೋಗುತ್ತಿದ್ದವನು ಅವನೇ. ಆ ವರ್ಷವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಈ ವಯಸ್ಸಿನಲ್ಲಿ ನನಗೇ ಎದುರಿಗಿದ್ದವನು ಕಾಣದೆ ಹೋದ ಮೇಲೆ, ನಡುರಾತ್ರಿ ಒಬ್ಬಳೇ ಕುಳಿತ ನಿನಗೆ ಯಾರೂ ಇಲ್ಲವೆನ್ನಿಸಿದರೆ ಅದು ನಿನ್ನ ದೌರ್ಬಲ್ಯವಲ್ಲ.

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2018ರ ಅಧ್ಯಯನವೊಂದರಲ್ಲಿ 143 ವಿದ್ಯಾರ್ಥಿಗಳಿದ್ದರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಸ್ನ್ಯಾಪ್‌ಚಾಟ್‌ಗಳನ್ನು ಮೂರು ವಾರ ದಿನಕ್ಕೆ ತಲಾ 10 ನಿಮಿಷ ಮಾತ್ರ ನೋಡಿದ ಗುಂಪಿನವರಲ್ಲಿ ಒಂಟಿತನವೂ ಖಿನ್ನತೆಯೂ ಕಡಿಮೆಯಾದವು. ಅವರು ನಿನಗಿಂತ ಚಿಕ್ಕವರು, ನಿನಗೂ ಹಾಗೆಯೇ ಆಗುತ್ತದೆಂದು ಹೇಳಲಾರೆ. ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಫೋನು, ಇಂಟರ್ನೆಟ್‌ಗಳ ಅತಿಬಳಕೆಯ ಇಂಥ ತೊಂದರೆಗೆಂದೇ ಇದೆ. ಬೇಕಾದರೆ ಜೊತೆಗೆ ನಾನೂ ಬರುತ್ತೇನೆ. ಆ ಯೋಚನೆ ರಾತ್ರಿ ಮತ್ತೆ ಬಂದರೆ ಮಾತ್ರ ಬೆಳಗಾಗಲೆಂದು ಕಾಯಬೇಡ, ನನಗೆ ಫೋನ್ ಮಾಡು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾಡು. ಅಲ್ಲಿ ಹಗಲೂ ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತನಾಡಬಹುದು.

ಯಾರಿಗೂ ಗೊತ್ತಾಗುವುದಿಲ್ಲ ಎಂದೆಯಲ್ಲ, ಒಂದೇ ಸಾಲಿಗೆ ಇಲ್ಲಿ ನಾನೂ ನಿನ್ನ ಅಮ್ಮನೂ ಎರಡು ದಿನದಿಂದ ಊಟ ಬಿಟ್ಟು ಕುಳಿತಿದ್ದೇವೆ. ನಿನ್ನಲ್ಲಿಗೆ ಬರಲು ಶನಿವಾರ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಅಲ್ಲಿಯವರೆಗೆ ದಿನವೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತೇನೆ, ಎತ್ತು.

ನಿನ್ನ ಮಾವ