ನನ್ನ ಕೈ ಹಿಡಿದು ತಡೆದವರಿಗೆ

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಹತ್ತು ದಿನ. ಎಂದಿನ ಹಾಗೆ ಪೇಪರ್ ಓದುತ್ತಾ ನನ್ನನ್ನು ಬೈಯುತ್ತಿದ್ದಾರೆ. ಅದನ್ನು ಕೇಳಿಸಿಕೊಳ್ಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಆವತ್ತು ಬೆಳಗಿನ ಜಾವ ಎಬ್ಬಿಸಲು ಹೋದರೆ ಅಪ್ಪನ ಮೈಯೆಲ್ಲ ತಣ್ಣನೆ ಬೆವರು. ದಿಂಬು ಪೂರ್ತಿ ಒದ್ದೆ. ಕರೆದರೆ ಗೊರಕೆಯಂಥ ಸದ್ದು, ಅಷ್ಟೇ. ಶುಗರ್ ಇಳಿದಿದೆ ಅಂತ ಹೊಳೆಯಿತು. ಓಡಿಹೋಗಿ ಸಕ್ಕರೆ ನೀರು ಕಲಸಿ ತಂದೆ. ಬಾಯಿಗೆ ಸುರಿಯಬೇಕು, ಅಷ್ಟರಲ್ಲಿ ನನ್ನ ಕಿರುಚಾಟ ಕೇಳಿ ಬಂದ ಪಕ್ಕದ ಮನೆ ಅಕ್ಕ ನನ್ನ ಕೈ ಹಿಡಿದುಬಿಟ್ಟರು. ಅವರು ನರ್ಸ್. "ಪ್ರಜ್ಞೆ ಇಲ್ಲದವರು ನುಂಗಲ್ಲ ಕಣೇ, ಶ್ವಾಸಕೋಶಕ್ಕೆ ಹೋಗುತ್ತೆ" ಅಂದರು. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂದಿತ್ತು. ಮದ್ದು ಕೈಯಲ್ಲೇ ಇದೆ, ಕೊಡಬೇಡ ಅಂತಾರಲ್ಲ!

ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಗಲ್ಲ ಸ್ವಲ್ಪ ಮೇಲೆತ್ತಿ ಮಲಗಿಸಿದರು. ನಮ್ಮ ಗ್ಲುಕೋಮೀಟರಿನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ತಮ್ಮದನ್ನೇ ತಂದು ಬೆರಳಿಗೆ ಚುಚ್ಚಿದರು. 28. ಎಪ್ಪತ್ತಕ್ಕಿಂತ ಕೆಳಗಿಳಿದರೇ ಕಮ್ಮಿ ಅನ್ನುತ್ತಾರೆ!

ಆಂಬುಲೆನ್ಸ್ ಹುಡುಗರಿಗೆ ನರ ಸಿಗಲೊಲ್ಲದು. ಸಿಗದಿದ್ದರೆ ತೊಡೆಗೆ ಶುಗರ್ ಏರಿಸುವ ಗ್ಲೂಕಗಾನ್ ಇಂಜೆಕ್ಷನ್ ಕೊಡೋಣ ಅಂತ ಮಾತಾಡಿಕೊಳ್ಳುತ್ತಿದ್ದರು. ಮೂರನೇ ಸಲಕ್ಕೆ ಸಿಕ್ಕಿತು. 25 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರು, 100 ಎಂ.ಎಲ್., ನಿಧಾನವಾಗಿ ಏರಿಸಿದರು. ಲೆಕ್ಕ ಹಾಕಿದರೆ ಬರೀ 25 ಗ್ರಾಂ. ನನ್ನ ಲೋಟಕ್ಕೆ ಅದಕ್ಕಿಂತ ಜಾಸ್ತಿಯೇ ಬಿದ್ದಿತ್ತೇನೋ. ಕೆಲವೇ ನಿಮಿಷದಲ್ಲಿ ಅಪ್ಪ ಕಣ್ಣು ಬಿಟ್ಟು "ನನ್ನ ಕನ್ನಡಕ ಎಲ್ಲಿ?" ಅಂದರು. ಆ ಹುಡುಗರ ಹೆಸರನ್ನೂ ಕೇಳಲಿಲ್ಲ ನಾನು.

ಎಮರ್ಜೆನ್ಸಿಯ ಡಾಕ್ಟರಮ್ಮನಿಗೆ ಥ್ಯಾಂಕ್ಸ್ ಜೊತೆಗೆ ಒಂದು ಕ್ಷಮೆಯೂ ಸಲ್ಲಬೇಕು. ಎದ್ದು ಮಾತಾಡ್ತಿದ್ದಾರಲ್ಲ, ಮನೆಗೆ ಕಳಿಸಿ ಅಂತ ಅವರ ಹತ್ತಿರ ಜಗಳವಾಡಿದ್ದೆ. ಅವರು ಜಗ್ಗಲಿಲ್ಲ. ಜ್ವರ ಅಂತ ಎರಡು ದಿನ ಅಪ್ಪ ಸರಿಯಾಗಿ ಉಂಡಿರಲಿಲ್ಲ. ಶುಗರ್ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ಮಾತ್ರ ನಾನೇ ತಪ್ಪದೆ ಕೊಟ್ಟಿದ್ದೆ. ಕಿಡ್ನಿ ಬೇರೆ ಸ್ವಲ್ಪ ವೀಕು. ಏರಿಸಿದ ಗ್ಲೂಕೋಸ್ ಬೇಗ ಕರಗುತ್ತೆ, ಮಾತ್ರೆ ಒಳಗೆ ಕೆಲಸ ಮಾಡುತ್ತಲೇ ಇರುತ್ತೆ, ಮತ್ತೆ ಇಳಿಯಬಹುದು ಅಂದರು. ಮಧ್ಯಾಹ್ನ ಉಂಡ ಮೇಲೂ 52ಕ್ಕೆ ಇಳಿಯಿತು. ಮನೆಯಲ್ಲಿದ್ದಿದ್ದರೆ, ಮಲಗಿದ್ದಾರೆ ಅಂತ ಸುಮ್ನೆ ಬಿಡುತ್ತಿದ್ದೆ, ಅಲ್ವಾ? ರಾತ್ರಿಯಿಡೀ ಗಂಟೆಗೊಮ್ಮೆ ಬಂದು ಬೆರಳು ಚುಚ್ಚಿ ನೋಡಿದ ಸಿಸ್ಟರ್‌ಗಳೇ, ನಿಮಗೂ. ಅಪ್ಪನ ಗೊಣಗಾಟ ಸಹಿಸಿದ್ದಕ್ಕೂ.

ಅಕ್ಕ, ನಿಮ್ಮ ಗ್ಲುಕೋಮೀಟರ್ ಇನ್ನೂ ನಮ್ಮ ಟೇಬಲ್ ಮೇಲೇ ಇದೆ. ಸಂಜೆ ತಂದುಕೊಡುತ್ತೇನೆ. ಅಪ್ಪನೂ ಬರುತ್ತಾರಂತೆ.